ಏಸೆಕ್ಷುಯಲ್ ಎಂಬುದನ್ನು ಮನೆಯಲ್ಲಿ ಕನ್ನಡದಲ್ಲಿ ಹೇಗೆ ಹೇಳುವುದು?

ಪ್ರಶ್ನೆ: ಅರಸೀಕೆರೆಯವಳು

ಎಲ್ಲರಿಗೂ ನಮಸ್ಕಾರ. ನನಗೆ 31 ವರ್ಷ. ಹಾಸನದ ಒಂದು ಪದವಿ ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಐದಾರು ವರ್ಷಗಳಿಂದ ಮನೆಯಲ್ಲಿ ಗಂಡು ನೋಡುವ ಕೆಲಸ ನಡೆದಿದೆ. ಜಾತಕ ಕೂಡಿಬಂದ ಸಂಬಂಧವನ್ನು ನಾನು ಬೇಡವೆಂದಾಗಲೆಲ್ಲ ಅಮ್ಮ ಎರಡು ಪ್ರಶ್ನೆ ಕೇಳುತ್ತಾರೆ. ಮೊದಲನೆಯದು, ಬೇರೆ ಯಾರನ್ನಾದರೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೀಯಾ ಎಂಬುದು. ನಾನು ಇಲ್ಲವೆಂದ ಕೂಡಲೇ ಎರಡನೆಯದು, ಹಾಗಾದರೆ ಮೈಯಲ್ಲಿ ಏನಾದರೂ ತೊಂದರೆ ಇದೆಯಾ ಎಂಬುದು. ಎರಡಕ್ಕೂ ನನ್ನ ಪ್ರಾಮಾಣಿಕ ಉತ್ತರ ಇಲ್ಲವೆಂದೇ. ಆದರೆ ಈ ಎರಡು ‘ಇಲ್ಲ’ಗಳನ್ನು ಬಿಟ್ಟರೆ ನನ್ನ ಸ್ಥಿತಿಯನ್ನು ಹೇಳಲು ನನ್ನ ಬಳಿ ಕನ್ನಡದ ಮಾತಿಲ್ಲ.

ವಿಷಯ ಇಷ್ಟು. ಇಂದಿನವರೆಗೆ ಗಂಡಸಾಗಲಿ ಹೆಂಗಸಾಗಲಿ, ಯಾರನ್ನು ಕಂಡಾಗಲೂ ನನಗೆ ದೇಹಸಂಬಂಧದ ಬಯಕೆ ಹುಟ್ಟಿದ್ದಿಲ್ಲ. ಹಾಸ್ಟೆಲಿನಲ್ಲಿದ್ದಾಗ ಗೆಳತಿಯರು ಸಿನಿಮಾ ನಟರ ವಿಷಯದಲ್ಲಿ ಆಡುತ್ತಿದ್ದ ಮಾತುಗಳನ್ನು ನಾನು ಬಹಳ ಕಾಲ ತಮಾಷೆಗೆ ಹೇಳುವ ಉತ್ಪ್ರೇಕ್ಷೆ ಎಂದೇ ತಿಳಿದಿದ್ದೆ. ಅವರಿಗೆ ನಿಜವಾಗಿಯೂ ಹಾಗೆ ಅನ್ನಿಸುತ್ತದೆ ಎಂಬುದು ಅರ್ಥವಾಗುವಷ್ಟರಲ್ಲಿ ನನಗೆ ಇಪ್ಪತ್ತೈದು ದಾಟಿತ್ತು. ಹಾಗೆಂದು ಯಾರನ್ನೂ ಹಚ್ಚಿಕೊಂಡವಳಲ್ಲ ಎಂದೇನೂ ಅಲ್ಲ. ಎಂ.ಎಸ್ಸಿ. ಓದುವಾಗ ಜೊತೆಯಲ್ಲಿದ್ದ ಒಬ್ಬ ಸಹಪಾಠಿಯ ಬಗ್ಗೆ ಎರಡು ವರ್ಷ ಬಹಳ ಒಲವಿತ್ತು. ಅವರೊಂದಿಗೆ ಒಂದೇ ಸೂರಿನಡಿ ಮುಪ್ಪಾಗುವುದನ್ನು ಕಲ್ಪಿಸಿಕೊಂಡಿದ್ದೆ. ಆ ಕಲ್ಪನೆಯಲ್ಲಿ ಅಡುಗೆಮನೆ ಇತ್ತು, ಪುಸ್ತಕದ ಕಪಾಟು ಇತ್ತು, ಸಂಜೆಯ ಜಗಳವೂ ಇತ್ತು. ಹಾಸಿಗೆಯ ಯೋಚನೆ ಮಾತ್ರ ಒಮ್ಮೆಯೂ ಬರಲಿಲ್ಲ.

ಎರಡು ವರ್ಷದ ಹಿಂದೆ, ಯಾರತ್ತಲೂ ಲೈಂಗಿಕ ಆಕರ್ಷಣೆಯಾಗದವರನ್ನು ಕರೆಯುವ ಏಸೆಕ್ಷುಯಲ್ ಎಂಬ ಪದ ಕಣ್ಣಿಗೆ ಬಿತ್ತು. ಅದರ ಬೆನ್ನಿಗೆ ಏರೊಮ್ಯಾಂಟಿಕ್, ಡೆಮಿಸೆಕ್ಷುಯಲ್, ಗ್ರೇ ಎಂದು ಒಂದು ದೊಡ್ಡ ಪಟ್ಟಿಯೇ ಬಂತು. ಮೊದಲ ಪದವನ್ನು ಓದಿದಾಗ ನನಗೆ ಸಿಕ್ಕ ನೆಮ್ಮದಿ ನಿಜ, ಉಳಿದವುಗಳಿಂದ ಹುಟ್ಟಿದ ಗೊಂದಲವೂ ಅಷ್ಟೇ ನಿಜ. ಈಗ ಅಮ್ಮನಿಗೆ ಹೇಳಬೇಕೆಂದಿದ್ದೇನೆ. ಅವರು ನಿವೃತ್ತ ಶಾಲಾ ಶಿಕ್ಷಕಿ. ‘ನಾನು ಅಲೈಂಗಿಕಳು’ ಎಂದರೆ ಅವರ ಕಣ್ಣ ಮುಂದೆ ಬರುವುದು ಶಾಲೆಯ ವಿಜ್ಞಾನ ಪುಸ್ತಕದ ಹೈಡ್ರಾ ಮತ್ತು ಯೀಸ್ಟ್. ಈ ಹೆಸರುಗಳಲ್ಲಿ ನನಗೆ ಹೊಂದುವುದು ಯಾವುದು, ಅದನ್ನು ಕನ್ನಡದಲ್ಲಿ ಹೇಳುವ ದಾರಿ ಯಾವುದು ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ: ಪದಕೋಶ

ನಿಮ್ಮ ಹೈಡ್ರಾದ ಮಾತು ಓದಿ ನಕ್ಕೆನಾದರೂ ಅದು ನಗುವ ವಿಷಯವಲ್ಲ. ನಾನು ಅನುವಾದವನ್ನೇ ವೃತ್ತಿಯಾಗಿ ಮಾಡಿಕೊಂಡವನು, ಈ ತೊಡಕಿಗೆ ಹಲವು ಸಲ ಸಿಕ್ಕಿಬಿದ್ದಿದ್ದೇನೆ. ಕನ್ನಡದಲ್ಲಿ ಈ ಕ್ಷೇತ್ರದ ಪದಗಳು ಎರಡು ಕಡೆಯಿಂದ ಬಂದಿವೆ. ಒಂದು ಸಸ್ಯಶಾಸ್ತ್ರ ಮತ್ತು ಜೀವಶಾಸ್ತ್ರದ ಪಠ್ಯಪುಸ್ತಕ. ಇನ್ನೊಂದು ಪತ್ರಿಕೆಗಳ ಅಪರಾಧ ಪುಟ. ‘ಅಲೈಂಗಿಕ’ ಎಂದರೆ ಸಂತಾನೋತ್ಪತ್ತಿಯ ಒಂದು ಬಗೆ. ‘ದ್ವಿಲಿಂಗಿ’ ಎಂದರೆ ದಾಸವಾಳ, ಏಕೆಂದರೆ ಒಂದೇ ಹೂವಿನಲ್ಲಿ ಕೇಸರವೂ ಇದೆ, ಅಂಡಾಶಯವೂ ಇದೆ. ಗಂಡು, ಹೆಣ್ಣು ಇಬ್ಬರತ್ತಲೂ ಮನಸ್ಸು ಹರಿಯುವ ವ್ಯಕ್ತಿಗೆ ಅದೇ ಪದವನ್ನು ಹಚ್ಚಿದಾಗ ಓದುಗನು ಆ ವ್ಯಕ್ತಿಯ ದೇಹದ ರಚನೆಯ ಬಗ್ಗೆ ಯೋಚಿಸತೊಡಗುತ್ತಾನೆಯೇ ಹೊರತು ಮನಸ್ಸಿನ ಬಗ್ಗೆ ಅಲ್ಲ. ‘ಸಲಿಂಗಕಾಮಿ’ಯ ಕಥೆ ಬೇರೆ: ಅದರ ಕೊನೆಯಲ್ಲಿ ಕುಳಿತಿರುವ ‘ಕಾಮಿ’ ಪಕ್ಕದ ಸುದ್ದಿಯ ‘ಕಾಮುಕ’ನ ನೆಂಟನಂತೆ ಕೇಳಿಸುತ್ತದೆ. ಆ ಕಾರಣಕ್ಕೇ ಈಚೆಗೆ ಹಲವರು ಸಲಿಂಗ ಪ್ರೇಮಿ, ಸಲಿಂಗಿ ಎಂದು ಬರೆಯುತ್ತಿದ್ದಾರೆ.

ಈ ತೊಡಕು ಕನ್ನಡಕ್ಕೆ ಮಾತ್ರ ಬಂದದ್ದಲ್ಲ. ಹ್ಯಾನೋವರ್ ರಾಜ್ಯದ ಕಾನೂನು ಪಂಡಿತ ಕಾರ್ಲ್ ಹೈನ್‌ರಿಕ್ ಉಲ್ರಿಕ್ಸ್ 1864ರಿಂದ ಕಿರುಹೊತ್ತಗೆಗಳನ್ನು ಬರೆಯಲು ಆರಂಭಿಸಿದಾಗ ಗಂಡಸರನ್ನೇ ಪ್ರೀತಿಸುವ ತನ್ನಂಥ ಗಂಡಸರನ್ನು ಕರೆಯಲು ಜರ್ಮನ್ ಭಾಷೆಯಲ್ಲಿ ಬೈಗುಳವಲ್ಲದ ಪದವೇ ಇರಲಿಲ್ಲ. ಆತ ಪ್ಲೇಟೋನ ಸಂವಾದವೊಂದರಲ್ಲಿ ಬರುವ ದೇವತೆಯ ಹೆಸರನ್ನು ಹಿಡಿದು ‘ಉರ್ನಿಂಗ್’ ಎಂಬ ಪದವನ್ನು ಕಟ್ಟಿದ. ಹೋಮೋಸೆಕ್ಷುಯಲ್, ಹೆಟೆರೋಸೆಕ್ಷುಯಲ್ ಎಂಬ ಜೋಡಿ ಪದಗಳು ಮೊದಲು ಕಾಣಿಸುವುದು 1868ರಲ್ಲಿ ಹಂಗೇರಿಯ ಲೇಖಕ ಕಾರ್ಲ್ ಮರಿಯಾ ಕೆರ್ಟ್‌ಬೆನಿ ಅದೇ ಉಲ್ರಿಕ್ಸ್‌ಗೆ ಬರೆದ ಪತ್ರದಲ್ಲಿ. ಮರುವರ್ಷ ಆತ ಸಲಿಂಗ ಸಂಬಂಧವನ್ನು ಶಿಕ್ಷಿಸುತ್ತಿದ್ದ ಪ್ರಷ್ಯಾದ ಕಾನೂನನ್ನು ವಿರೋಧಿಸಿ ಹೊರತಂದ ಹೊತ್ತಗೆಯಲ್ಲಿ ಮೊದಲನೆಯದು ಅಚ್ಚಾಯಿತು. ಅರ್ಧ ಗ್ರೀಕ್, ಅರ್ಧ ಲ್ಯಾಟಿನ್ ಆದ ಆ ಕಲಬೆರಕೆ ಪದವನ್ನು ಆಮೇಲೆ ವೈದ್ಯರು ಎತ್ತಿಕೊಂಡು ರೋಗದ ಹೆಸರಾಗಿ ಮಾಡಿದರು. ಹುಟ್ಟಿದ್ದು ಮಾತ್ರ ಕಾನೂನಿನ ವಿರುದ್ಧದ ವಾದಕ್ಕಾಗಿ. ಇಂಥ ಪದಗಳನ್ನು ‘ಹಣೆಪಟ್ಟಿ’ ಎಂದು ತಳ್ಳಿಹಾಕುವವರಿಗೆ ನಾನು ಈ ಸಂಗತಿಯನ್ನು ಹೇಳುತ್ತಿರುತ್ತೇನೆ.

ತಮಿಳರು ನಮಗಿಂತ ಮುಂದೆ ಹೋಗಿದ್ದಾರೆ. ಮದ್ರಾಸ್ ಹೈಕೋರ್ಟಿನ ಆದೇಶದ ಬಳಿಕ ತಮಿಳುನಾಡು ಸರ್ಕಾರ 2022ರಲ್ಲಿ ಇಂಥ ಪದಗಳ ಕೋಶವೊಂದನ್ನು ರಾಜ್ಯಪತ್ರದಲ್ಲೇ ಪ್ರಕಟಿಸಿತು. ಅಲ್ಲಿ ಬಳಕೆಯಲ್ಲಿರುವ ಪದಗಳಲ್ಲಿ ‘ಈರ್ಪ್ಪು’ ಎಂಬುದು ನನಗೆ ಬಹಳ ಹಿಡಿಸಿತು. ಅದರ ಅರ್ಥ ಸೆಳೆತ. ಕನ್ನಡದಲ್ಲೂ ಲಿಂಗ, ಕಾಮ ಎಂಬ ಭಾರದ ಪದಗಳನ್ನು ಬದಿಗಿಟ್ಟು ‘ಸೆಳೆತ’ದಿಂದ ಆರಂಭಿಸಬಹುದು. ಹೊಳೆಯ ಸೆಳೆತ ಎನ್ನುತ್ತೇವಲ್ಲ, ಅದೇ: ಯಾರೂ ಆಯ್ದುಕೊಳ್ಳದೆ ತಾನಾಗಿ ಎಳೆಯುವಂಥದ್ದು. ದೇಹದ ಸೆಳೆತ ಒಂದು, ಪ್ರಣಯದ ಸೆಳೆತ ಇನ್ನೊಂದು. ಬಹುಪಾಲು ಜನರಲ್ಲಿ ಎರಡೂ ಒಟ್ಟಿಗೆ ಹರಿಯುವುದರಿಂದ ಅವು ಎರಡೆಂದು ಅವರಿಗೆ ಗೊತ್ತಾಗುವುದೇ ಇಲ್ಲ. ನಿಮ್ಮ ಬರಹದಿಂದ ನನಗೆ ಕಾಣುವಂತೆ ನಿಮಗೆ ಮೊದಲನೆಯದು ಇಲ್ಲ, ಎರಡನೆಯದು ಇದೆ. ಇಂಗ್ಲಿಷಿನವರು ಅದನ್ನು ಏಸೆಕ್ಷುಯಲ್ ಆದರೆ ಏರೊಮ್ಯಾಂಟಿಕ್ ಅಲ್ಲ ಎನ್ನುತ್ತಾರೆ.

ಏರೊಮ್ಯಾಂಟಿಕ್‌ಗೆ ಕನ್ನಡ ಹುಡುಕುವುದು ಇನ್ನೂ ಕಷ್ಟ. ‘ಪ್ರೀತಿ ಇಲ್ಲದವನು’ ಎಂದರೆ ಕಟುಕ ಎಂದಾಗುತ್ತದೆ, ಏಕೆಂದರೆ ನಮ್ಮ ‘ಪ್ರೀತಿ’ಯಲ್ಲಿ ತಾಯಿ, ಮಗು, ನಾಯಿಮರಿ, ಹುಟ್ಟೂರು ಎಲ್ಲವೂ ಸೇರಿವೆ. ‘ಪ್ರಣಯ’ ಎಂದರೆ ತಕ್ಕಮಟ್ಟಿಗೆ ಸರಿಹೋಗುತ್ತದೆ. ‘ಒಲವು’ ಎಂಬ ಚೆಲುವಾದ ಪದವನ್ನು ನಾವು ಲೈಂಗಿಕ ಒಲವು ಎಂದು ಆಗಲೇ ಬೇರೆ ಕೆಲಸಕ್ಕೆ ಹಚ್ಚಿಬಿಟ್ಟಿದ್ದೇವೆ. ‘ಒಲವಿಲ್ಲದ ಲೈಂಗಿಕ ಒಲವು’ ಎಂದು ಬರೆಯಬೇಕಾಗಿ ಬಂದ ದಿನ ನಾನು ಲೇಖನಿ ಕೆಳಗಿಟ್ಟಿದ್ದೆ.

ನನ್ನ ಸಲಹೆ ಒಂದೇ. ಅಮ್ಮನೆದುರು ನಾಮಪದ ಬೇಡ, ವಾಕ್ಯ ಇರಲಿ. ಕನ್ನಡದಲ್ಲಿ ಹಸಿವು, ನಿದ್ದೆ, ಸಿಟ್ಟು, ನಾಚಿಕೆ ಎಲ್ಲವೂ ‘ನನಗೆ’ ಆಗುವಂಥವು, ‘ನನಗೆ’ ಬರುವಂಥವು. ‘ನಾನು ಇಂಥವಳು’ ಎನ್ನುವ ಬದಲು ‘ನನಗೆ ಆ ಸೆಳೆತ ಆಗುವುದಿಲ್ಲ’ ಎಂದರೆ ಹೇಳಬೇಕಾದುದನ್ನು ಪೂರ್ತಿಯಾಗಿ ಹೇಳಿದಂತಾಗುತ್ತದೆ, ಹೈಡ್ರಾವೂ ಬರುವುದಿಲ್ಲ.

ಉತ್ತರ: ಹಿರಿಯ ಓದುಗ

ನಾನು 72 ವರ್ಷದವನು, ಆದ್ದರಿಂದ ಈ ಮಾತನ್ನು ಹಳೆಯ ಕಾಲದವನ ಮಾತೆಂದು ಪಕ್ಕಕ್ಕಿಡಬಹುದು. ನಮ್ಮ ದೊಡ್ಡಪ್ಪ ಮದುವೆಯಾಗಲಿಲ್ಲ. ತೋಟ ನೋಡಿಕೊಂಡು, ತಮ್ಮಂದಿರ ಮಕ್ಕಳನ್ನು ಓದಿಸಿ, ಎಂಬತ್ತೆರಡರಲ್ಲಿ ನೆಮ್ಮದಿಯಾಗಿ ಹೋದರು. ಅವರನ್ನು ಯಾರೂ ಯಾವ ಹೆಸರಿನಿಂದಲೂ ಕರೆಯಲಿಲ್ಲ. ಬ್ರಹ್ಮಚಾರಿ ಎಂದರು, ಅಷ್ಟೇ. ಇನ್ನು ಡೆಮಿಸೆಕ್ಷುಯಲ್ ಎಂಬುದರ ವಿವರಣೆಯನ್ನು ಓದಿದೆ. ಮನಸ್ಸು ಗಾಢವಾಗಿ ಬೆರೆತ ಮೇಲೆ ಮಾತ್ರ ದೇಹದ ಆಸೆ ಹುಟ್ಟುವುದಂತೆ. ನನ್ನ ಹೆಂಡತಿಯನ್ನು ನಾನು ಮದುವೆಗೆ ಮೊದಲು ಒಂದೇ ಸಲ, ಅದೂ ಉಪ್ಪಿಟ್ಟಿನ ತಟ್ಟೆಯ ಆಚೆಯಿಂದ, ನೋಡಿದವನು. ಹಾಗಾದರೆ ನಮ್ಮ ತಲೆಮಾರಿನವರೆಲ್ಲ ಡೆಮಿಸೆಕ್ಷುಯಲ್‌ಗಳೇ ಅಲ್ಲವೇ? ಸಾಮಾನ್ಯ ಸ್ವಭಾವಕ್ಕೆಲ್ಲ ಹೆಸರಿಡುತ್ತ ಹೋದರೆ ಅಕ್ಷರಮಾಲೆ ಸಾಲುವುದಿಲ್ಲ. ತಂಗಿಗೆ ಮದುವೆ ಬೇಡವಾದರೆ ಬೇಡವೆನ್ನಲಿ, ಹೆಸರೇಕೆ ಬೇಕು ಎಂಬುದು ನನ್ನ ಪ್ರಶ್ನೆ.

ಉತ್ತರ: ನೀಲಿಶಾಯಿ

ಹಿರಿಯರ ಪ್ರಶ್ನೆಯನ್ನು ತಳ್ಳಿಹಾಕಲಾರೆ, ಆದರೆ ಅದರಲ್ಲಿ ಎರಡು ಬೇರೆ ಸಂಗತಿಗಳು ಬೆರೆತಿವೆ. ಬ್ರಹ್ಮಚರ್ಯವೆಂಬುದು ವ್ರತ. ಆಸೆ ಇದೆ, ಅದನ್ನು ತಡೆಯುತ್ತೇನೆ ಎಂಬ ಸಂಕಲ್ಪ ಇದ್ದರೆ ಮಾತ್ರ ಆ ಪದಕ್ಕೆ ಅರ್ಥ. ತಡೆಯಲು ಏನೂ ಇಲ್ಲದವರಿಗೆ ಅದು ಹೊಂದುವುದಿಲ್ಲ. ಉಪವಾಸ ಇರುವವನಿಗೂ ಹಸಿವಿಲ್ಲದವನಿಗೂ ತಟ್ಟೆ ಖಾಲಿಯೇ, ಆದರೆ ಇಬ್ಬರ ಸ್ಥಿತಿ ಒಂದೇ ಅಲ್ಲ. ತಮ್ಮ ದೊಡ್ಡಪ್ಪ ಇವೆರಡರಲ್ಲಿ ಯಾವುದರಲ್ಲಿದ್ದರೋ, ಅಥವಾ ಹೇಳಿಕೊಳ್ಳಲಾಗದ ಇನ್ನಾವುದೋ ಒಲವು ಅವರಿಗಿತ್ತೋ, ನಾವು ಈಗ ಹೇಳಲಾಗದು, ಹೇಳಲೂಬಾರದು. ಅಲ್ಲದೆ ಗಂಡಸಾದ್ದರಿಂದ ಅವರಿಗೆ ಹೆಸರಿಲ್ಲದೆಯೇ ನಡೆಯಿತು. ಅದೇ ಮನೆಯ ಹೆಣ್ಣುಮಗಳೊಬ್ಬಳು ತೋಟ ನೋಡಿಕೊಂಡು ಇದ್ದುಬಿಡುತ್ತೇನೆ ಎಂದಿದ್ದರೆ ಏನಾಗುತ್ತಿತ್ತೆಂಬುದನ್ನು ತಾವೇ ಊಹಿಸಬಹುದು.

ಡೆಮಿಸೆಕ್ಷುಯಲ್ ವಿಷಯವೂ ಹೀಗೆಯೇ. ಕಾಯುವುದು ನಡತೆ, ಸೆಳೆತ ಹುಟ್ಟದಿರುವುದು ಅನುಭವ. ಮದುವೆಗೆ ಮೊದಲು ಯಾರನ್ನೂ ಮುಟ್ಟದವರು ಹೇರಳವಾಗಿದ್ದರು, ಒಪ್ಪೋಣ. ಆದರೆ ಬಸ್ಸಿನಲ್ಲಿ ಕಂಡ ಅಪರಿಚಿತ ಮುಖಕ್ಕೋ ತೆರೆಯ ಮೇಲಿನ ನಾಯಕಿಗೋ ಅವರ ಮನಸ್ಸು ಒಮ್ಮೆಯೂ ಓಡಿರಲಿಲ್ಲವೇ? ಹಾಗೆ ಎಂದೂ ಓಡದೆ, ವರ್ಷಗಟ್ಟಲೆ ಒಡನಾಡಿದ ಒಬ್ಬರೋ ಇಬ್ಬರೋ ವ್ಯಕ್ತಿಗಳ ವಿಷಯದಲ್ಲಿ ಮಾತ್ರ ಆ ಸೆಳೆತವನ್ನು ಕಂಡವರು ತಮಗಾಗಿ ಕಟ್ಟಿಕೊಂಡ ಪದ ಅದು. 2001ರಲ್ಲಿ ಡೇವಿಡ್ ಜೇ ಎಂಬ ಅಮೆರಿಕದ ವಿದ್ಯಾರ್ಥಿ ಏವೆನ್ ಎಂಬ ಜಾಲತಾಣವನ್ನು ಆರಂಭಿಸಿದ ಮೇಲೆ ಜಗತ್ತಿನ ಬೇರೆ ಬೇರೆ ಮೂಲೆಗಳಿಂದ ಇಂಥವರು ಒಂದೆಡೆ ಸೇರಿದರು. ಪೂರ್ತಿ ಇಲ್ಲ ಎನ್ನಲಾಗದ, ಇದೆ ಎನ್ನಲೂ ಆಗದ ನಡುವಿನ ಸ್ಥಿತಿಗಳಿಗೆ ಗ್ರೇ, ಡೆಮಿ ಎಂಬ ಹೆಸರುಗಳು ಅಲ್ಲಿನ ಮಾತುಕತೆಯಲ್ಲಿ 2006ರ ಹೊತ್ತಿಗೆ ಹುಟ್ಟಿದವು. ಇವುಗಳನ್ನು ಯಾವ ವಿದ್ವಾಂಸರೂ ಕೊಟ್ಟದ್ದಲ್ಲ. ಅದೇ ಕಾರಣಕ್ಕೆ ಅವುಗಳ ಅಂಚುಗಳು ಚೂಪಾಗಿಲ್ಲ, ಒಬ್ಬರೇ ಎರಡು ಹೆಸರು ಬಳಸುತ್ತಾರೆ, ಕೆಲವು ವರ್ಷದ ಬಳಿಕ ಒಂದನ್ನು ಬಿಡುತ್ತಾರೆ. ಪಟ್ಟಿಯಲ್ಲಿರುವ ಪ್ರತಿಯೊಂದು ಪದವನ್ನೂ ಕಂಠಪಾಠ ಮಾಡಬೇಕಾದ ಅಗತ್ಯ ಯಾರಿಗೂ ಇಲ್ಲ ಎಂಬ ಮಟ್ಟಿಗೆ ಹಿರಿಯರ ಮಾತನ್ನು ಒಪ್ಪುತ್ತೇನೆ.

ನನ್ನ ವಿಷಯ ಹೇಳುವುದಾದರೆ ನಾನು ಪ್ರಶ್ನೆ ಕೇಳಿದವರಿಗೆ ತಿರುಗುಮುರುಗು. ದೇಹದ ಸೆಳೆತ ನನಗೆ ಎಲ್ಲರಂತೆಯೇ ಇದೆ. ಪ್ರಣಯ ಎಂಬುದು ಇಲ್ಲ. ಏರೊಮ್ಯಾಂಟಿಕ್ ಎಂದು ಕರೆದುಕೊಳ್ಳುತ್ತೇನೆ. ಏಸ್, ಅಂದರೆ ಏಸೆಕ್ಷುಯಲ್, ಎಂದವರ ಮೇಲೆ ಜನರಿಗೆ ಕನಿಕರವೋ ಗೌರವವೋ ಹುಟ್ಟಬಹುದು, ಏಕೆಂದರೆ ನಮ್ಮಲ್ಲಿ ಕಾಮವನ್ನು ಗೆದ್ದವರಿಗೆ ಪೀಠವಿದೆ. ನನ್ನಂಥವನನ್ನು ಮಾತ್ರ ಹೆಣ್ಣುಮಕ್ಕಳಿಗೆ ಮೋಸಮಾಡುವವನೆಂದೇ ತಿಳಿಯುತ್ತಾರೆ. ನಾನು ಯಾರಿಗೂ ಸುಳ್ಳು ಹೇಳಿದ್ದಿಲ್ಲ. ಅಕ್ಕನ ಮಗಳಿಗೆ ಜ್ವರ ಬಂದರೆ ರಾತ್ರಿಯಿಡೀ ಕೂರುತ್ತೇನೆ, ಹದಿನೆಂಟು ವರ್ಷದ ಗೆಳೆತನಗಳಿವೆ. ಆದರೆ ಒಬ್ಬರನ್ನೇ ನೆನೆದು ನಿದ್ದೆಗೆಡುವುದು, ಅವರ ಒಂದು ನೋಟಕ್ಕೆ ಎದೆ ಹಾರುವುದು ಮುಂತಾದುವು ನನಗೆ ಕಾವ್ಯದ ಅಲಂಕಾರಗಳಾಗಿಯೇ ಉಳಿದಿವೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಡೊರೊಥಿ ಟೆನ್ನೊವ್ ಆ ಸ್ಥಿತಿಯನ್ನು 1979ರಲ್ಲಿ ಲಿಮರೆನ್ಸ್ ಎಂದು ಕರೆದು ವಿವರಿಸಿದಾಗ, ಅದನ್ನು ಎಂದೂ ಅನುಭವಿಸದವರೂ ಇದ್ದಾರೆಂದು ಜೊತೆಗೇ ದಾಖಲಿಸಿದ್ದರು. ಅದನ್ನು ಓದಿದ ಮೇಲೆ ನನ್ನಲ್ಲಿ ಏನೋ ಕೊರತೆಯಿದೆ ಎಂದು ಹುಡುಕುವುದನ್ನು ಬಿಟ್ಟೆ. ಹೆಸರೇಕೆ ಬೇಕು ಎಂಬ ಪ್ರಶ್ನೆಗೆ ನನ್ನ ಮಟ್ಟಿಗೆ ಇದೇ ಉತ್ತರ.

ಉತ್ತರ: ಆಪ್ತಸಲಹೆ

ಆಪ್ತಸಮಾಲೋಚಕಿಯಾಗಿ ಹದಿನಾಲ್ಕು ವರ್ಷ ಕೆಲಸ ಮಾಡಿದವಳು ನಾನು. ನೀಲಿಶಾಯಿಯವರು ಹೇಳಿದ ಹಸಿವಿನ ಹೋಲಿಕೆ ಉಪವಾಸದಿಂದ ಬೇರ್ಪಡಿಸುವಷ್ಟರ ಮಟ್ಟಿಗೆ ಸರಿ, ಆದರೆ ಅದನ್ನು ಅಮ್ಮನ ಮುಂದೆ ಮಾತ್ರ ಬಳಸಬೇಡಿ. ಹಸಿವಿಲ್ಲ ಎಂದ ಮಗುವಿಗೆ ತಾಯಂದಿರು ಜೀರಿಗೆ ಕಷಾಯ ಮಾಡುತ್ತಾರೆ. ಅವರ ಎರಡನೆಯ ಪ್ರಶ್ನೆ, ಅಂದರೆ ಮೈಯಲ್ಲಿ ತೊಂದರೆ ಇದೆಯಾ ಎಂಬುದು, ಆ ಹೋಲಿಕೆಯ ಬಾಲ ಹಿಡಿದೇ ಮರಳಿ ಬರುತ್ತದೆ.

ಆ ಪ್ರಶ್ನೆಗೆ ನೇರ ಉತ್ತರ ಇದೆ. ಮೊದಲು ಇದ್ದ ಬಯಕೆ ಇದ್ದಕ್ಕಿದ್ದಂತೆ ಇಲ್ಲವಾದರೆ ಅದನ್ನು ವೈದ್ಯರಿಗೆ ತೋರಿಸಬೇಕು. ಥೈರಾಯ್ಡ್ ಏರುಪೇರು, ಖಿನ್ನತೆ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು, ಹೆರಿಗೆಯ ನಂತರದ ದಣಿವು ಇವೆಲ್ಲ ಬಯಕೆಯನ್ನು ಕುಗ್ಗಿಸಬಲ್ಲವು. ಹರೆಯದಿಂದಲೂ ಇರದೆ, ಇಲ್ಲದಿರುವುದರಿಂದ ತನಗೆ ನೋವಾಗದೆ, ಕೇಳುವವರ ಕಾಟದಿಂದ ಮಾತ್ರ ನೋವಾಗುವುದು ಬೇರೆ ಮಾತು. ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಲ್ಲಿ ಕಾಮಾಸಕ್ತಿಯ ಕೊರತೆಯನ್ನು 1980ರಿಂದ ಒಂದು ತೊಂದರೆಯೆಂದು ಪಟ್ಟಿಮಾಡಲಾಗಿತ್ತು. 2013ರ ಐದನೆಯ ಆವೃತ್ತಿ, ತಾನು ಏಸೆಕ್ಷುಯಲ್ ಎಂದು ಗುರುತಿಸಿಕೊಳ್ಳುವ ವ್ಯಕ್ತಿಗೆ ಆ ನಿರ್ಣಯವನ್ನು ಹಚ್ಚಬಾರದೆಂದು ಸ್ಪಷ್ಟವಾಗಿ ಹೇಳಿತು. ಗಮನಿಸಿ, ಇಲ್ಲಿ ವೈದ್ಯರ ಕೈ ತಡೆಯುವುದು ವ್ಯಕ್ತಿ ತಾನಾಗಿ ಹೇಳಿಕೊಂಡ ಆ ಹೆಸರೇ.

ನೀವು ಗಣಿತದವರಾದ್ದರಿಂದ ಇನ್ನೊಂದು ಮಾತು. ಆಲ್‌ಫ್ರೆಡ್ ಕಿನ್ಸೆ 1948ರಲ್ಲಿ ಪ್ರಕಟಿಸಿದ, ಲೈಂಗಿಕ ಒಲವಿನ ಪ್ರಸಿದ್ಧ ಅಳತೆ ಒಂದು ಗೆರೆ. ಅದರ ಒಂದು ತುದಿಯಲ್ಲಿ 0, ಇನ್ನೊಂದು ತುದಿಯಲ್ಲಿ 6. ಸೊನ್ನೆ ಎಂದರೆ ಇಲ್ಲವೆಂದಲ್ಲ, ಸಂಪೂರ್ಣವಾಗಿ ವಿರುದ್ಧ ಲಿಂಗದವರತ್ತ ಒಲಿದವರು ಎಂದು. ಎರಡೂ ಕಡೆ ಒಲಿಯದವರನ್ನು ಆ ಗೆರೆಯ ಮೇಲೆ ಇಡಲು ಜಾಗವೇ ಇಲ್ಲದ್ದರಿಂದ ಕಿನ್ಸೆ ಅವರನ್ನು ‘ಎಕ್ಸ್’ ಎಂದು ಗುರುತುಮಾಡಿ ಹೊರಗಿಟ್ಟರು. 1980ರಲ್ಲಿ ಮೈಕೆಲ್ ಸ್ಟಾರ್ಮ್ಸ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಗೆರೆಯ ಬದಲು ಎರಡು ಅಕ್ಷಗಳನ್ನು ಎಳೆದರು. ಒಂದರ ಮೇಲೆ ಸ್ವಲಿಂಗದವರತ್ತ ಸೆಳೆತ, ಇನ್ನೊಂದರ ಮೇಲೆ ವಿರುದ್ಧ ಲಿಂಗದವರತ್ತ ಸೆಳೆತ. ಎರಡೂ ಹೆಚ್ಚಿರುವ ಮೂಲೆ ಒಂದು, ಎರಡೂ ಕಡಿಮೆಯಿರುವ ಮೂಲೆ ಇನ್ನೊಂದು. ಅಂದರೆ ನೀವು ಪಟ್ಟಿಯಿಂದ ಹೊರಬಿದ್ದವರಲ್ಲ, ಮೂಲಬಿಂದುವಿನ ಬಳಿ ಇರುವವರು. 2004ರಲ್ಲಿ ಕೆನಡಾದ ಆಂಥನಿ ಬೋಗರ್ಟ್ ಅವರು ಬ್ರಿಟನ್ನಿನ 18,000ಕ್ಕೂ ಹೆಚ್ಚು ಜನರ ಸಮೀಕ್ಷೆಯ ಮಾಹಿತಿಯನ್ನು ಪರಿಶೀಲಿಸಿದಾಗ ಸುಮಾರು ಶೇ. 1ರಷ್ಟು ಮಂದಿ ಯಾರತ್ತಲೂ ಎಂದೂ ಲೈಂಗಿಕ ಆಕರ್ಷಣೆಯಾಗಿಲ್ಲ ಎಂದು ಉತ್ತರಿಸಿದ್ದು ಕಂಡುಬಂತು. ಅದು ಒಂದು ದೇಶದ ಒಂದು ಸಮೀಕ್ಷೆ, ಹಾಸನ ಜಿಲ್ಲೆಗೆ ಅದನ್ನು ಗುಣಿಸಿ ನೋಡುವುದು ಬೇಡ. ಆದರೂ ನಿಮ್ಮ ಕಾಲೇಜಿನ ನಾಲ್ಕು ತರಗತಿಗಳಲ್ಲಿ ನೀವೊಬ್ಬರೇ ಎಂದು ತಿಳಿಯಬೇಕಾಗಿಲ್ಲ.

ಉತ್ತರ: ಕರಿಕೋಟು

ಎಲ್ಲರೂ ಪದಗಳ ಬಗ್ಗೆ ಹೇಳಿದ್ದಾರೆ. ನಾನು ಧಾರವಾಡದಲ್ಲಿ ಕೌಟುಂಬಿಕ ಪ್ರಕರಣಗಳನ್ನು ನಡೆಸುವ ವಕೀಲ, ‘ಮದುವೆಯಾಗಿಬಿಡು, ಎಲ್ಲ ಸರಿಹೋಗುತ್ತದೆ’ ಎಂಬ ಮಾತಿನ ಬೆಲೆ ಏನೆಂದು ಹೇಳುತ್ತೇನೆ. ಹಿಂದೂ ವಿವಾಹ ಕಾಯ್ದೆ, 1955ರ 12ನೆಯ ಕಲಮಿನಡಿ ಪ್ರತಿವಾದಿಯ ನಪುಂಸಕತ್ವದಿಂದ ದಾಂಪತ್ಯ ಸಂಬಂಧ ನೆರವೇರದ ಮದುವೆಯನ್ನು ರದ್ದುಪಡಿಸಬಹುದು. ‘ನಪುಂಸಕತ್ವ’ ಎಂಬ ಪದ ಇಲ್ಲಿ ಗಂಡಸಿಗೆ ಮಾತ್ರವಲ್ಲ, ದೇಹಕ್ಕೆ ಮಾತ್ರವೂ ಅಲ್ಲ. ದೈಹಿಕ ಇಲ್ಲವೇ ಮಾನಸಿಕ ಸ್ಥಿತಿಯಿಂದ ಅದು ಅಸಾಧ್ಯವಾದರೂ ಸಾಕೆಂದು ಸುಪ್ರೀಂ ಕೋರ್ಟ್ 1969ರಲ್ಲೇ ಹೇಳಿದೆ. ಸಕಾರಣವಿಲ್ಲದೆ ದೀರ್ಘಕಾಲ ದೇಹಸಂಬಂಧವನ್ನು ನಿರಾಕರಿಸುವುದು ಮಾನಸಿಕ ಕ್ರೌರ್ಯವಾಗಬಹುದು ಎಂಬುದು 2007ರ ತೀರ್ಪು. ಇತ್ತ, ಹದಿನೆಂಟು ದಾಟಿದ ಹೆಂಡತಿಯ ಮೇಲೆ ಗಂಡ ಬಲವಂತ ಮಾಡಿದರೆ ಭಾರತೀಯ ನ್ಯಾಯ ಸಂಹಿತೆ ಅದನ್ನು ಇಂದಿಗೂ ಅತ್ಯಾಚಾರವೆನ್ನುವುದಿಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ರಕ್ಷಣೆ ಕೇಳಬಹುದು. ಒಟ್ಟಿನಲ್ಲಿ ಈ ಸ್ವಭಾವದ ಹೆಣ್ಣುಮಗಳು ಹೇಳದೆ ಮದುವೆಯಾದರೆ ಕಾನೂನು ಆಕೆಯ ಎರಡೂ ಬದಿಗೆ ಚುಚ್ಚುತ್ತದೆ.

ನಮ್ಮ ಹೈಕೋರ್ಟಿನ ಒಂದು ಪ್ರಕರಣವನ್ನು ನೆನೆಯುತ್ತೇನೆ. ಆಧ್ಯಾತ್ಮಿಕ ನಂಬಿಕೆಯ ಕಾರಣಕ್ಕೆ ಗಂಡ ದೇಹಸಂಬಂಧವೇ ಬೇಡವೆಂದಿದ್ದ. ಹೆಂಡತಿ ಕ್ರಿಮಿನಲ್ ದೂರು ಕೊಟ್ಟಿದ್ದರು. ಇದು ವಿವಾಹ ಕಾಯ್ದೆಯ ದೃಷ್ಟಿಯಲ್ಲಿ ಕ್ರೌರ್ಯವಾಗಬಹುದು, ಆದರೆ ಆಗಿನ ಭಾರತೀಯ ದಂಡಸಂಹಿತೆಯ 498ಎ (ಹೆಂಡತಿಯ ಮೇಲಿನ ಕ್ರೌರ್ಯ) ಅಡಿಯಲ್ಲಿ ಅಪರಾಧವಲ್ಲ ಎಂದು ನ್ಯಾಯಾಲಯ 2023ರ ಜೂನ್‌ನಲ್ಲಿ ಆ ಮೊಕದ್ದಮೆಯನ್ನು ರದ್ದುಪಡಿಸಿತು. ಆತನದು ವ್ರತ, ನಿಮ್ಮದು ಸ್ವಭಾವ; ಆದರೆ ಎದುರಿಗಿರುವ ವ್ಯಕ್ತಿಗೆ ಮದುವೆಯ ಮೊದಲು ತಿಳಿಸದಿದ್ದರೆ ಇಬ್ಬರ ಬದುಕೂ ನ್ಯಾಯಾಲಯದ ಕಟ್ಟೆಯ ಮೇಲೆ ಕಳೆಯುವುದು ಒಂದೇ ರೀತಿ. ಇನ್ನು ಅಮ್ಮನಿಗೆ ಹೇಳಲು ಒಂದು ಸಂಗತಿ ಇರಲಿ: ಖಾಸಗಿತನ ಮೂಲಭೂತ ಹಕ್ಕು, ಲೈಂಗಿಕ ಒಲವು ಅದರ ತಿರುಳಿನ ಭಾಗ ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ತೀರ್ಪಿತ್ತ ಪ್ರಕರಣದ ಮೊದಲ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅವರು ಪ್ರಶ್ನಿಸಿದ್ದು ಆಧಾರ್ ಯೋಜನೆಯನ್ನು. ಫಲ ಎಲ್ಲಿಯವರೆಗೆ ಹರಡಿತೆಂದರೆ ಮರುವರ್ಷ, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೆಯ ಕಲಮಿನ ಪ್ರಕರಣದಲ್ಲಿ ಅದೇ ಆಧಾರವಾಯಿತು.

ಉತ್ತರ: ಹಿರಿಯ ಓದುಗ

ನೀಲಿಶಾಯಿಯವರ ಮಾತಿನಲ್ಲಿ ಹೆಣ್ಣುಮಗಳ ವಿಷಯ ಬಂತಲ್ಲ, ಅದು ಮನಸ್ಸಿಗೆ ತಾಕಿತು. ನನಗೊಬ್ಬರು ಸೋದರತ್ತೆ ಇದ್ದರು. ಮದುವೆಯಾಗಿ ಆರು ತಿಂಗಳಿಗೆ ತವರಿಗೆ ಬಂದವರು ಮತ್ತೆ ಹೋಗಲಿಲ್ಲ. ಗಂಡ ಒಳ್ಳೆಯವನೇ, ತನಗೇ ಆಗುವುದಿಲ್ಲ ಎಂದಷ್ಟೇ ಹೇಳುತ್ತಿದ್ದರಂತೆ. ಮನೆಯವರು ಅದಕ್ಕೆ ಗಾಳಿ ಸೋಂಕು ಎಂಬ ಹೆಸರಿಟ್ಟು ಎರಡು ವರ್ಷ ದೇವಸ್ಥಾನಗಳನ್ನು ಸುತ್ತಿಸಿದರು. ಅವರದು ಏನಿತ್ತೋ ನಾನು ನಿರ್ಣಯಿಸಲಾರೆ. ಹೆಸರೇ ಇರಲಿಲ್ಲ ಎಂದು ನಾನು ಮೊದಲು ಬರೆದದ್ದು ತಪ್ಪು. ಹೆಸರಿತ್ತು, ಅದನ್ನು ಇಟ್ಟವರು ಬೇರೆಯವರು.

ಪ್ರಶ್ನೆ ಕೇಳಿದವರಿಂದ: ಅರಸೀಕೆರೆಯವಳು

ಎಲ್ಲರಿಗೂ ವಂದನೆಗಳು. ಒಂದು ವಾರ ತಡವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಭಾನುವಾರ ಊರಿಗೆ ಹೋಗಿ ಹೇಳಿಯೇಬಿಟ್ಟೆ. ಹಿರಿಯರೇ, ತಮ್ಮ ಸೋದರತ್ತೆಯವರ ವಿಷಯವನ್ನು ಓದಿದ ಮೇಲೆಯೇ ಹೊರಡುವ ಧೈರ್ಯ ಬಂದದ್ದು.

ಪದಕೋಶದವರ ಸಲಹೆಯಂತೆ ನಾಮಪದವನ್ನು ಬಿಟ್ಟು ವಾಕ್ಯವನ್ನು ಹಿಡಿದೆ. ಅಮ್ಮ ಅವರೆಕಾಳು ಬಿಡಿಸುತ್ತಿದ್ದರು. ‘ಅಮ್ಮ, ನನಗೆ ಗಂಡಸರ ಕಡೆಗಾಗಲಿ ಹೆಂಗಸರ ಕಡೆಗಾಗಲಿ ಮೈಯ ಸೆಳೆತ ಆಗುವುದಿಲ್ಲ, ಎಂದೂ ಆಗಿಲ್ಲ’ ಎಂದೆ. ಅವರು ತಲೆ ಎತ್ತದೆ, ‘ಆಗದಿದ್ದರೆ ಒಳ್ಳೆಯದೇ ಅಲ್ಲವೇನೇ, ನನಗಂತೂ ರಾತ್ರಿಯೆಲ್ಲ ಕಾಲು ಸೆಳೆತ’ ಎಂದರು. ಪದಕೋಶದವರು ಈ ಅರ್ಥವನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲವೆಂದು ಕಾಣುತ್ತದೆ! ಇಬ್ಬರೂ ನಕ್ಕ ಮೇಲೆ ಮಾತು ಸುಲಭವಾಯಿತು. ವ್ರತವಲ್ಲ, ಕಾಯಿಲೆಯಲ್ಲ, ಯಾರ ಮೇಲಿನ ಸಿಟ್ಟೂ ಅಲ್ಲ ಎಂದು ಬಿಡಿಸಿ ಹೇಳಿದೆ. ವಕೀಲರು ಬರೆದದ್ದರಲ್ಲಿ ಅರ್ಧವನ್ನು ಹೇಳಿದೆ; ಉಳಿದರ್ಧಕ್ಕೆ ಅವರ ರಕ್ತದೊತ್ತಡ ತಡೆಯದು. ಸುಮಾರು ಹೊತ್ತು ಸುಮ್ಮನಿದ್ದು, ಮಕ್ಕಳ ವಿಷಯ ಕೇಳಿದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ, ಇಲ್ಲವೆಂದೇ ಹೇಳಿದೆ. ಅವರು ಅತ್ತರು. ಹಾಗಾಗಿ ಎಲ್ಲ ಸುಸೂತ್ರವಾಯಿತು ಎಂದು ಬರೆಯಲಾರೆ.

ರಾತ್ರಿ ಊಟಕ್ಕೆ ಕೂತಾಗ ಎಂ.ಎಸ್ಸಿ. ಕಾಲದ ಸಹಪಾಠಿಯ ವಿಷಯವನ್ನೂ ಹೇಳಿದೆ, ಸೆಳೆತ ಎರಡು ಬಗೆ ಎಂಬುದು ಅವರಿಗೆ ತಿಳಿಯಲಿ ಎಂದು. ಅಮ್ಮ ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲೇ ಇಟ್ಟು, ಇಡೀ ದಿನದಲ್ಲಿ ಮೊದಲ ಬಾರಿಗೆ ನನ್ನನ್ನು ನೇರವಾಗಿ ನೋಡಿ ಕೇಳಿದರು: ‘ಆ ಹುಡುಗ ಈಗ ಎಲ್ಲಿದ್ದಾನೆ?’